ಹುಳು ಮನೆಯ ಮುಂದಿನ ಫೋಟೊ

ಫೋನು ಮತ್ತೆ ಬಡಕೊಂಡಿತು. ಸುನಂದಳ ಕೈಯಲ್ಲಿದ್ದ ಹಿಪ್ಪುನೇರಳೆ ಸೊಪ್ಪು ರೇಷ್ಮೆ ಹುಳುಗಳ ಮೇಲೆ ಮುದ್ದೆಯಾಗಿ ಬಿತ್ತು. ಬೆಳಗಿನಿಂದ ಇದೇ ಪಾಡು. ಎತ್ತಿದರೆ ಗುರುತಿಲ್ಲದ ದನಿ, ಕೇಳುವುದು ಒಂದೇ ಮಾತು: "ಸುನಂದಾನಾ? ಎಲ್ಲಿ ನಮ್ಮ ಚಂದ್ರಿಕೆ?"

ಅವಳು ಮಾಡಿದ ತಪ್ಪಾದರೂ ಏನು? ಟೇಕಲ್ ಪಕ್ಕದ ಹಳ್ಳಿಯಲ್ಲಿ ಅವರದು ತಲೆಮಾರಿನಿಂದ ಹುಳು ಸಾಕುವ ಮನೆ. ಹಣ್ಣಾದ ಹುಳು ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ಚಂದ್ರಿಕೆಗಳು ಮುರಿದು ಮೂಲೆ ಸೇರಿದ್ದವು. ಫೋನಿನಲ್ಲಿ ಪ್ಲಾಸ್ಟಿಕ್ ಚಂದ್ರಿಕೆಯ ಜಾಹೀರಾತು ಕಂಡಿತು, ರೈತರಿಗೆ ಅರ್ಧ ಬೆಲೆಯಂತೆ. ಹುಳು ಮನೆಯ ಮುಂದೆ ಆಧಾರ್ ಕಾರ್ಡು ಹಿಡಿದು ನಿಂತ ಫೋಟೊ ಕಳಿಸಿ ಎಂದರು. ಬೇರೆಯವರಾಗಿದ್ದರೆ ಅಲ್ಲೇ ಅನುಮಾನ ಪಡುತ್ತಿದ್ದರೋ ಏನೋ. ಹುಳು ಸಾಕುವವರಿಗೆ ಇದೇನು ಹೊಸದೇ? ಸಬ್ಸಿಡಿ ಎಂದರೆ ಶೆಡ್ಡಿನ ಮುಂದೆ ಫೋಟೊ, ತೋಟದಲ್ಲಿ ಫೋಟೊ, ಡ್ರಿಪ್ ಪೈಪು ಹಿಡಿದು ಫೋಟೊ. ಸುನಂದ ತಲೆ ಬಾಚಿ, ಹೂ ಮುಡಿದು ಹುಳು ಮನೆಯ ನೀಲಿ ಬಾಗಿಲ ಮುಂದೆ ನಿಂತಳು. "ಲೇ, ಕಾರ್ಡು ಸ್ವಲ್ಪ ಮೇಲೆ ಹಿಡಿಯೇ, ನಂಬರ್ ಕಾಣ್ಬೇಕು" ಎಂದು ಗಂಡ ಕದಿರಪ್ಪನೇ ತೆಗೆದುಕೊಟ್ಟ ಪುಣ್ಯಾತ್ಮ.

ಚಂದ್ರಿಕೆ ಬರಲಿಲ್ಲ. ಕೊಟ್ಟ ಮುಂಗಡ ಹೋಯಿತು, ಹಾಳಾಗಲಿ ಎಂದುಕೊಂಡರು. ಆದರೆ ಹೋದದ್ದು ಬರೀ ಮುಂಗಡವಲ್ಲ, ಅವಳ ಹೆಸರೇ ಹೋಗಿತ್ತು. ಜಾಹೀರಾತು ಹಾಕಿದ್ದ ಕಳ್ಳ ಅವಳ ಫೋಟೊ ಹಾಕಿಕೊಂಡು, ತಾನೇ ಸುನಂದ ಎಂದು ಅಂಗಡಿ ತೆರೆದಿದ್ದ. 'ನಂಬಿಕೆ ಇಲ್ದಿದ್ರೆ ನನ್ನ ಕಾರ್ಡು ನೋಡಿ, ನಾನೂ ಹುಳ ಸಾಕೋಳೇ' ಎಂದು ಮೆಸೇಜು ಕಳಿಸುವುದು, ದುಡ್ಡು ಹಾಕಿಸಿಕೊಳ್ಳುವುದು, ಆಮೇಲೆ ಅವಳದೇ ನಂಬರು ಕೊಟ್ಟು ಕೈ ತೊಳೆದುಕೊಳ್ಳುವುದು. ಕದಿರಪ್ಪ ಸೈಬರ್ ಸಹಾಯವಾಣಿ ೧೯೩೦ಕ್ಕೆ ಫೋನು ಮಾಡಿ ದೂರು ಕೊಟ್ಟಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೋಲಾರದ ಪೊಲೀಸರ ಹತ್ತಿರ ಇಬ್ಬರೂ ಹೋಗೋಣವೆಂದರೆ ಹುಳು ಹಣ್ಣಾಗತೊಡಗಿತ್ತು. ಬಾಡಿಗೆಗೆ ಚಂದ್ರಿಕೆ ತರಲು ಅವನು ಮಾಲೂರಿಗೆ ಹೋಗಿದ್ದ.

ಸುನಂದ ಫೋನೆತ್ತಿದಳು.

"ನಾನು ನಂಗಲಿ ಊರಿನ ಮುನಿಯಲ್ಲಮ್ಮ. ಟೇಕಲ್ ಸ್ಟೇಷನ್ ದಾಟಿದ್ವಿ. ನಿನ್ ಕಾರ್ಡಿನ ಅಡ್ರೆಸ್ಸು ನನ್ ಫೋನಲ್ಲೇ ಐತೆ. ನೀಲಿ ಬಾಗ್ಲು ತಾನೇ? ಇರು, ಬರ್ತೀನಿ. ಚಂದ್ರಿಕೆ ಇಲ್ದೆ ನನ್ ಹುಳ ಹಾಳಾದಂಗೆ ನಿನ್ ಹುಳಾನೂ ಹಾಳು ಮಾಡ್ತೀನಿ."

ಓಡಿಹೋಗೋಣವೆಂದರೆ ತಟ್ಟೆಗಳ ತುಂಬ ಹಣ್ಣಾದ ಹುಳು. ಬಿಟ್ಟು ಹೋದರೆ ಬೆಳೆಯೇ ಮಣ್ಣುಪಾಲು. ಕದಿರಪ್ಪನಿಗೆ ಫೋನು ಹೋಗಲೊಲ್ಲದು. ನೀಲಿ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ರವಿಕೆಯೊಳಗೆ ಸೇರಿಸಿ, ರೋಗ ಬಾರದಿರಲೆಂದು ಹೊಸಿಲ ಮುಂದೆ ಚೆಲ್ಲಿದ್ದ ಸುಣ್ಣದ ಪುಡಿಯ ಹತ್ತಿರ ಸುನಂದ ನಿಂತಳು. ಭಯವೆಂದರೆ ಭಯ, ಅಳುವುದಕ್ಕೂ ಆಗದ ಭಯ.

ಗೂಡ್ಸ್ ಆಟೊ ನಿಂತಿತು. ಮೊದಲು ಇಳಿದವಳು ಮುನಿಯಲ್ಲಮ್ಮ, ಹಿಂದೆ ಅವಳ ತಮ್ಮ ಆಂಜಿ, ಕೈಯಲ್ಲಿ ಕಬ್ಬಿಣದ ರಾಡು. ಅವಳು ಫೋನನ್ನು ಸುನಂದಳ ಮುಖದ ಪಕ್ಕ ಹಿಡಿದು ನೋಡಿದಳು.

"ಇವಳೇ ಕಣೋ ಆಂಜಿ! ಅದೇ ಮುಖ, ಅದೇ ಬಾಗ್ಲು!"

"ನಾನಲ್ಲ ಅಕ್ಕಾ..." ಎಂದಳು ಸುನಂದ. ಸ್ವಂತ ಮುಖ ತೋರಿಸಿದರೆ ನಾನಲ್ಲ ಎನ್ನುವುದು ಹೇಗೆ? ಅವಳ ಮಾತು ಅವಳಿಗೇ ಸುಳ್ಳಿನಂತೆ ಕೇಳಿಸಿತು.

ಆಂಜಿ ಬೀಗ ಒಡೆಯಲು ಮುಂದೆ ಬಂದ. ಅವನ ಚಪ್ಪಲಿ ಸುಣ್ಣದ ಪುಡಿಯನ್ನು ತುಳಿಯುವುದರಲ್ಲಿತ್ತು.

"ಚಪ್ಲಿ! ಚಪ್ಲಿ ಬಿಡಪ್ಪಾ!" ಸುನಂದ ಕಿರುಚಿದಳು. "ಒಳಗೆ ಹಣ್ಣಾಗಿರೋ ಹುಳ ಐತೆ, ರೋಗ ತಗುಲುತ್ತೆ! ಬೇಕಾದ್ರೆ ನನ್ನ ಹೊಡೀರಿ!"

"ನಿಂತ್ಕೊಳೋ!" ಎಂದು ತಮ್ಮನ ಅಂಗಿ ಹಿಡಿದೆಳೆದವಳು ಮುನಿಯಲ್ಲಮ್ಮನೇ. ಹುಳು ಮನೆಯ ಹೊಸಿಲನ್ನು ಚಪ್ಪಲಿಗಾಲಲ್ಲಿ ದಾಟಲು ಹುಳು ಸಾಕುವವರು ಬಿಟ್ಟಾರೆಯೇ? ಹಗೆಯ ಮನೆಯಾದರೂ ಬಿಡರು. ಅವಳು ಕಿಟಕಿಯ ಬಲೆಗೆ ಮುಖ ಒತ್ತಿ ಒಳಗೆ ನೋಡಿದಳು. ಹಳದಿಗೆ ತಿರುಗಿದ ಹುಳುಗಳು ಜಾಗ ಸಿಗದೆ ತಟ್ಟೆಯ ಅಂಚಿನಲ್ಲಿ ತಲೆಯೆತ್ತಿ ಹರಿದಾಡುತ್ತಿದ್ದವು.

"ಚಂದ್ರಿಕೆ ಮಾರೋಳ ಮನೇಲಿ ಒಂದ್ ಚಂದ್ರಿಕೇನೂ ಇಲ್ವಾ?" ಮುನಿಯಲ್ಲಮ್ಮನ ದನಿ ಇಳಿಯಿತು.

"ನನಗೂ ಹಂಗೇ ಮೋಸ ಆಗಿರೋದು, ಅಕ್ಕಾ." ಆಮೇಲೆ ಸುನಂದಳಿಗೆ ಹೊಳೆದದ್ದು ಬೇರೆ. ಕೇಳಲೇ ಹೆದರಿಕೆಯಾಯಿತು. "ನೀವೂ ಫೋಟೊ ಕಳಿಸಿದ್ರಾ? ಕಾರ್ಡು ಹಿಡ್ಕೊಂಡು?"

ಮುನಿಯಲ್ಲಮ್ಮನ ಮುಖದ ಬಣ್ಣ ಹೋಯಿತು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಬಡಕೊಂಡಿತು. ಗುರುತಿಲ್ಲದ ನಂಬರು. ಅಭ್ಯಾಸಬಲದಿಂದ ಸ್ಪೀಕರು ಒತ್ತಿದಳು.

"ಮುನಿಯಲ್ಲಮ್ಮಾನಾ? ಶ್ರೀನಿವಾಸಪುರದಿಂದ. ಎಲ್ಲಿ ನಮ್ಮ ಚಂದ್ರಿಕೆ?"

"ಓರಿ ದೇವುಡಾ" ಎಂದು ತೆಲುಗಿನಲ್ಲಿ ದೇವರನ್ನು ಕರೆದಳು ಮುನಿಯಲ್ಲಮ್ಮ. ಎರಡು ಕೈಯಲ್ಲೂ ಫೋನು ಹಿಡಿದು ಸುನಂದಳತ್ತ ಚಾಚಿದಳು.

"ನೀನೇ ಮಾತಾಡೇ ತಾಯಿ. ನಾನಲ್ಲ ಅಂತ ಹೇಳೇ."