ಹೊಸ ಮನುಷ್ಯನ ಕೈಗಳು

ಗಂಡ ಮನೆಗೆ ಬರುವ ಸದ್ದಿನಲ್ಲೇ ಆ ಸಂಜೆ ಹೇಗಿರುತ್ತದೆಂದು ಅವಳಿಗೆ ಗೊತ್ತಾಗುತ್ತಿತ್ತು. ಗೇಟನ್ನು ಒದ್ದು ತೆಗೆದರೆ ಮಗಳನ್ನು ಒಳಕೋಣೆಗೆ ಕಳಿಸಬೇಕು. ಬೂಟುಗಳನ್ನು ಗೋಡೆಗೆ ಎಸೆದರೆ ತಾನೂ ಎದುರಿಗೆ ಸುಳಿಯಬಾರದು. ಬೂಟು ಬಿಚ್ಚದೆ ನೆಟ್ಟಗೆ ಅಡುಗೆಮನೆಗೆ ಬಂದನೆಂದರೆ ಮುಗಿಯಿತು, ಆಮೇಲೆ ಏನು ಮಾಡಿದರೂ ಅಷ್ಟೇ. ಮದುವೆಯಾದಾಗಿನಿಂದ ಅವಳು ಕಿವಿಯನ್ನೇ ನಂಬಿಕೊಂಡು ಬದುಕಿದವಳು.

ಈಗ ಆ ಸದ್ದುಗಳೇ ನಿಂತುಹೋಗಿದ್ದವು. ಗೇಟನ್ನು ಮೆಲ್ಲಗೆ ಮುಚ್ಚುತ್ತಿದ್ದ. ಬೂಟುಗಳನ್ನು ಜೋಡಿಸಿಡುತ್ತಿದ್ದ. ಇಸ್ತ್ರಿ ಅಂಗಡಿಯ ಕೆಲಸ ಮುಗಿಸಿ ಬಂದು ಒಲೆಯ ಮುಂದೆ ನಿಂತವಳು, ಬೆನ್ನ ಹಿಂದೆ “ಬಂದೆ” ಎಂಬ ದನಿ ಕೇಳಿ ಕೈಲಿದ್ದ ಸೌಟು ಬಿಡುತ್ತಿದ್ದಳು. ಮೊದಲು ಹೆದರಿಕೆಗೊಂದು ಹೊತ್ತು ಗೊತ್ತು ಅಂತ ಇತ್ತು. ಈಗ ಅದೂ ಇಲ್ಲ.

ಅವನು ಗೇಟು, ಕಿಟಕಿ ಸರಳು ಮಾಡುವ ಕಾರ್ಖಾನೆಯಲ್ಲಿ ವೆಲ್ಡರ್. ಅಲ್ಲಿಯವರು ಇಟ್ಟ ಹೆಸರು ಸಿಡಿಲು. ಒಂದು ದಿನ ಮೇಸ್ತ್ರಿಯ ಮೇಲಿನ ಸಿಟ್ಟಿಗೆ ಕಣ್ಣಿಗೆ ಗಾಜು ಹಿಡಿಯದೆ ಬೆಸುಗೆ ಹಾಕಿ, ಮಾರನೆಯ ಬೆಳಿಗ್ಗೆ ಕಣ್ಣು ಊದಿಕೊಂಡು ರೆಪ್ಪೆ ತೆರೆಯಲಾಗದೆ ಕೂತ. ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದರು. ಅವಳು ಕೆಲಸಕ್ಕೆ, ಜೊತೆಗಿದ್ದ ಅತ್ತೆ ಪೇಟೆಗೆ ಹೋದಾಗ ಅವನನ್ನು ಬಚ್ಚಲಿಗೆ ಕರೆದೊಯ್ಯುವ ಪಾಳಿ ಮಗಳದಾಯಿತು. ಅಪ್ಪನ ಕೈ ಹಿಡಿದು ಆ ಪುಟ್ಟ ಹುಡುಗಿ ನಡುಮನೆ ದಾಟುವಾಗ ಅವಳ ಕೈ ನಡುಗುತ್ತಿತ್ತಂತೆ. ಚಳಿಯೇನೋ ಅಂದುಕೊಂಡನಂತೆ. ಬಚ್ಚಲಿನ ಹೊಸ್ತಿಲಲ್ಲಿ ಅವನು ಸ್ವಲ್ಪ ಎಡವಿದ್ದಕ್ಕೆ ಮಗು, “ಅಪ್ಪಾ, ನಾನೇನೂ ಮಾಡಿಲ್ಲ, ನಾನೇನೂ ಮಾಡಿಲ್ಲ” ಎಂದು ಅಳತೊಡಗಿತು.

ಆ ಸಂಜೆ ನೋಡಲು ಬಂದವನು ಅದೇ ಕಾರ್ಖಾನೆಯಲ್ಲಿ ಗೇಟುಗಳಿಗೆ ಬಣ್ಣ ಹೊಡೆಯುವ ಪೇಂಟರ್. ಮೊದಲೆಲ್ಲ ಅವನು ಪ್ರಾರ್ಥನೆ, ಯೇಸು ಎಂದು ಬಾಯಿ ತೆರೆದರೆ ಸಾಕು, ಇವನು ಬೈದು ಅಟ್ಟುತ್ತಿದ್ದ. ಅಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ, “ನನ್ನಂಥವನಿಗೂ ಅಲ್ಲಿ ಜಾಗ ಇದೆಯಾ?” ಎಂದು ಕೇಳಿದ. ಗುಣವಾದ ಮೇಲೆ ಭಾನುವಾರ ಭಾನುವಾರ ಸಭೆಗೆ ಹೋದ. ಕುಡಿತ ಬಿಟ್ಟ. ಕೊನೆಗೆ ದೀಕ್ಷಾಸ್ನಾನದ ದಿನ ಅವಳನ್ನೂ ತನ್ನ ತಾಯಿಯನ್ನೂ ಕರೆದುಕೊಂಡು ಹೋದ.

ಸಿಮೆಂಟು ತೊಟ್ಟಿಯ ನೀರಿನಲ್ಲಿ ಪಾಸ್ಟರ್ ಅವನನ್ನು ಮುಳುಗಿಸಿ ಎತ್ತಿದರು. ಅವನು ಬಿಕ್ಕಿ ಬಿಕ್ಕಿ ಅಳುತ್ತ ಮೇಲೆದ್ದ. ಸುತ್ತಲಿದ್ದವರ ಕಣ್ಣೂ ಒದ್ದೆ. ಅವಳು ಮಾತ್ರ ಅವನ ಕೈಗಳನ್ನೇ ನೋಡುತ್ತಿದ್ದಳು.

“ಇವತ್ತಿಂದ ನಿಮ್ಮ ಗಂಡ ಹೊಸ ಮನುಷ್ಯ, ತಂಗಿ” ಎಂದರು ಪಾಸ್ಟರ್.

ಅವಳು ತಲೆಯಾಡಿಸಿದಳು. ಹಳಬನ ಗುಣಗಳನ್ನು ಕಲಿಯಲಿಕ್ಕೇ ಇಷ್ಟು ವರ್ಷ ಹಿಡಿದಿತ್ತು. ಈ ಹೊಸಬ ಯಾವಾಗ ಹೊಡೆಯುತ್ತಾನೆಂದು ಯಾರನ್ನು ಕೇಳುವುದು?

ಮನೆಗೆ ಬಂದ ಮೇಲೆ ಅತ್ತೆ, “ಇವನಪ್ಪನ ಕೋಪಾನೇ ಇವನಿಗೂ ಬಂದಿದ್ದು. ನಾನು ಹೊತ್ತು ಹೆತ್ತು ತೊಳೆದ್ರೂ ಹೋಗ್ಲಿಲ್ಲ, ಒಂದು ತೊಟ್ಟಿ ನೀರಲ್ಲಿ ಹೋಯ್ತು ಅಂದ್ರೆ ಆ ನೀರು ನನಗೂ ಒಂದು ಬಾಟ್ಲಿ ಬೇಕಿತ್ತು ಕಣೆ” ಎಂದಳು. ನಕ್ಕಳು, ಆದರೆ ಸೊಸೆ ನಗಲಿಲ್ಲ. ಅತ್ತೆಯ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಅದು ಹಾಗೇಕಾಯಿತೆಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ತಿಂಗಳುಗಳು ಕಳೆದವು. ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಊಟಕ್ಕೆ ಮುಂಚೆ ಅವನು ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಅವಳು ಕಣ್ಣು ತೆರೆದೇ ಕೂತಿರುತ್ತಿದ್ದಳು. ನಿದ್ದೆ ಕೆಟ್ಟಿತು. ಇಸ್ತ್ರಿ ಅಂಗಡಿಯಲ್ಲಿ ಯಾರದೋ ಬಿಳಿ ಅಂಗಿ ಸುಟ್ಟಳು. ಅವಳು ಕಾಯುತ್ತಿದ್ದಳು. ಕಾದು ಕಾದು ಸಾಕಾಗಿ, ಬರುವುದಿದ್ದರೆ ಬಂದೇಬಿಡಲಿ ಎನ್ನಿಸಿತು.

ಒಂದು ಮಧ್ಯಾಹ್ನ ಮಗಳು ಅತ್ತೆಯ ಜೊತೆ ಹೊರಗೆ ಹೋಗಿದ್ದಳು. ಅವನು ಅಡುಗೆಮನೆಯಲ್ಲಿ ಸೋರುವ ನಲ್ಲಿ ಬಿಗಿಮಾಡುತ್ತಿದ್ದ. ಅವಳು ಬಾಗಿಲಿಗೆ ಅಡ್ಡ ನಿಂತಳು. ಯಾವ ಮಾತಿಗೆ ಏಟು ತಪ್ಪಿದ್ದೇ ಇಲ್ಲವೋ, ಆ ಮಾತನ್ನೇ ಆಡಿದಳು.

“ಏನೇ ಮಾಡಿ, ನೀವು ನಿಮ್ಮಪ್ಪನ ಥರಾನೇ.”

ಅವನು ತಿರುಗಿದ. ಅವಳಿಗೆ ಚೆನ್ನಾಗಿ ಗೊತ್ತಿದ್ದ ಮುಖ ಅದು. ಕುತ್ತಿಗೆಯ ನರ ಉಬ್ಬಿತು. ಸ್ಪ್ಯಾನರ್ ಹಿಡಿದ ಕೈ ಮೇಲೆದ್ದಿತು, ಭುಜದವರೆಗೂ. ಅವಳು ಕಣ್ಣು ಮುಚ್ಚಿ ತಲೆಗೆ ಕೈ ಅಡ್ಡ ಹಿಡಿದಳು.

ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದಾಯಿತು.

“ದಾರಿ ಬಿಡು” ಎಂದ. “ದಯವಿಟ್ಟು ದಾರಿ ಬಿಡು. ನಾನು ಹೊರಗೆ ಹೋಗ್ಬೇಕು.”

ಅವಳು ಗೋಡೆಗೆ ಒರಗಿದಳು. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, “ದೇವರೇ ಹಿಡ್ಕೋ, ದೇವರೇ ಹಿಡ್ಕೋ” ಎಂದು ಗೊಣಗುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಅವಳು ಬಾಗಿಲವರೆಗೆ ಬಂದಳು. ಹೊಸ್ತಿಲು ದಾಟಲಿಲ್ಲ.

“ಹೊಡೀಬೇಕು ಅನ್ನಿಸ್ತಾ?”

“ಅನ್ನಿಸ್ತು.”

“ಹೊಸ ಮನುಷ್ಯ ಅಂದ್ರಲ್ಲ ಪಾಸ್ಟರ್.”

“ಹೌದು. ಆದ್ರೆ ಕೈ ಹಳೇದೇ” ಎಂದ ಅವನು, ತಿರುಗಿ ನೋಡದೆ. “ನಿನಗೆ ಮಾತ್ರ ಭಯ ಅಂದ್ಕೊಂಡಿದೀಯಾ? ಬೆಳಿಗ್ಗೆ ಎದ್ದ ತಕ್ಷಣ ನನಗೂ ಅದೇ. ಇವತ್ತು ಆ ಹಳಬ ವಾಪಸ್ ಬಂದ್ಬಿಟ್ರೆ ಅಂತ.”

ಅವಳು ಹೊಸ್ತಿಲ ಒಳಗೇ ಕೂತಳು.

“ನಾನು ಸ್ವಲ್ಪ ದಿನ ಪೇಂಟರ್ ಮನೇಲಿರ್ಲಾ? ನೀನು ಬಾ ಅನ್ನೋವರೆಗೂ?”

ಮದುವೆಯಾದ ಮೇಲೆ ಅವನು ಅವಳ ಒಪ್ಪಿಗೆ ಕೇಳಿದ್ದು ಅದೇ ಮೊದಲು. ಬೇಡ ಎನ್ನುವುದು ಹೆಂಡತಿಯ ಧರ್ಮವೆಂದು ಯಾರೋ ಒಳಗಿನಿಂದ ಹೇಳಿದಂತಾಯಿತು. ಆ ಮಾತಿಗೆ ಅವಳು ಕಿವಿಗೊಡಲಿಲ್ಲ.

“ಇರಿ” ಎಂದಳು. “ಅಲ್ಲೇ ಇರಿ.”

ಅವನು ಎದ್ದು, ಎರಡು ಜೊತೆ ಬಟ್ಟೆ ತೆಗೆದುಕೊಂಡು ಹೋದ.

ಸಭೆಯ ಹೆಂಗಸರು ಅವಳನ್ನು ಹುಡುಕಿಕೊಂಡು ಬಂದರು. “ದೇವರೇ ಕ್ಷಮಿಸಿದ ಮೇಲೆ ನಾವ್ಯಾರಮ್ಮ?” ಎಂದಳು ಒಬ್ಬಳು. ಅತ್ತೆ ಸೊಸೆಗಿಂತ ಮುಂಚೆ ಬಾಯಿ ಹಾಕಿದಳು. “ದೇವರಿಗೆ ಏಟು ಬಿದ್ದಿರ್ಲಿಲ್ಲ ನೋಡು ತಾಯಿ, ಬೇಗ ಕ್ಷಮಿಸಿದ. ಇವಳಿಗೆ ಸ್ವಲ್ಪ ಹೊತ್ತು ಕೊಡು.”

ಅವಳಿಗೆ ಅವಸರವಿರಲಿಲ್ಲ. ಮನೆಯಲ್ಲಿ ರೇಡಿಯೋ ಹಾಕುವುದು ಶುರುವಾಯಿತು. ಮಗಳು ಕೂಗಿ ಮಾತಾಡುವುದು ಕಲಿತಳು. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ಯಾರೂ ಕರೆಯದೆ, ಅವಳೇ ಮಗಳ ಕೈ ಹಿಡಿದು ಸಭೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಪ್ರಾರ್ಥನೆ ಹೇಗೆ ಮಾಡುವುದೋ ಗೊತ್ತಿರಲಿಲ್ಲ. ‘ನನ್ನ ಹೆದರಿಕೆ ತಗೋ’ ಎಂದಷ್ಟೇ ಮನಸ್ಸಿನಲ್ಲಿ ಹೇಳಿದಳು. ಗಂಡನ ವಿಷಯ ಎತ್ತಲಿಲ್ಲ. ಮುಂದಿನ ವಾರವೂ ಹೋದಳು, ಅದರ ಮುಂದಿನ ವಾರವೂ.

ಒಂದು ವಾರ ಹಾಡು ಏರುತ್ತಿದ್ದಂತೆ ಜನರೆಲ್ಲ ಎದ್ದು ನಿಂತು ಕೈಗಳನ್ನು ಮೇಲೆತ್ತಿದರು. ಸುತ್ತಮುತ್ತ ಅಷ್ಟು ಕೈಗಳು ಒಮ್ಮೆಗೇ ಎದ್ದದ್ದು ಕಂಡು ಅವಳ ತಲೆ ತಾನಾಗಿ ತಗ್ಗಿತು, ಮೊಣಕೈ ಮುಖಕ್ಕೆ ಅಡ್ಡ ಬಂತು. ನಾಚಿಕೆಯಾಗಿ ಮೆಲ್ಲಗೆ ಕಣ್ಣೆತ್ತಿದಳು. ಗಂಡಸರ ಸಾಲಿನ ಮುಂದೆ ಅವನು ನಿಂತಿದ್ದ. ಬಾಯಿ ತುಂಬಾ ಹಾಡುತ್ತಿದ್ದ. ಕೈಗಳು ಮಾತ್ರ ಬೆನ್ನ ಹಿಂದೆ, ಒಂದನ್ನೊಂದು ಹಿಡಿದುಕೊಂಡಿದ್ದವು.

“ಮೊದಲು ಎಲ್ಲರಿಗಿಂತ ಮೇಲೆ ಎತ್ತೋನು” ಎಂದು ಪಕ್ಕದಲ್ಲಿದ್ದ ಪೇಂಟರನ ಹೆಂಡತಿ ಪಿಸುಗುಟ್ಟಿದಳು. “ನೀನು ಬರೋಕೆ ಶುರು ಮಾಡಿದ ಮೇಲೆ ಎತ್ತೇ ಇಲ್ಲ.”

ಹೊರಗೆ ಬಂದಾಗ ಅವನು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ. ಎಂದಿನಂತೆ ಅವಳು ಹೋಗುವುದನ್ನೇ ಕಾಯುತ್ತಿದ್ದ. ಅವಳ ಹೆದರಿಕೆ ಎಲ್ಲೂ ಹೋಗಿರಲಿಲ್ಲ. ಆದರೂ ರಸ್ತೆ ದಾಟಿದಳು.

“ಊಟಕ್ಕೆ ಬನ್ನಿ” ಎಂದಳು. “ಊಟಕ್ಕೆ ಮಾತ್ರ. ಉಂಡು ಹೋಗಿ.”

“ಆಯ್ತು” ಎಂದ ಅವನು.

ಮಗಳನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು ಅವಳು ನಡೆದಳು. ಅವನು ಸ್ವಲ್ಪ ದೂರ ಬಿಟ್ಟು ಹಿಂದಿನಿಂದ ಬಂದ.