ಮಂಗಳವಾರದ ಕೋರ್ಟು

ಮರೆಪ್ಪ ಬಾಟಲಿಯ ಮುಚ್ಚಳ ತಿರುವಿ ಅಣ್ಣನ ತುಟಿಯ ಹತ್ತಿರ ತರುವಷ್ಟರಲ್ಲಿ ತಿಪ್ಪವ್ವ ಅವನ ಮುಂಗೈ ಹಿಡಿದಳು. ಸ್ಮಶಾನದ ಕುಣಿಯ ಅಂಚಿನಲ್ಲಿ ಅವಳ ಗಂಡ ಅಂಬಣ್ಣ ಮಲಗಿದ್ದ, ಹಣೆಯ ತುಂಬ ಜೇಜುರಿ ದೇವರ ಅರಿಶಿನ ಭಂಡಾರ. ಸತ್ತವರಿಗೆ ಇಷ್ಟವಾದದ್ದನ್ನು ಕೊನೆಗೊಮ್ಮೆ ಬಾಯಿಗೆ ಹಾಕಿ ಮಣ್ಣು ಮಾಡುವುದು ಅವರ ಮಂದಿಯ ರೂಢಿ. ಮರಾಠಿ ಸೀಮೆಗೆ ದುಡಿಯಲು ಬಂದು ಖರಾಡಿಯ ಕಟ್ಟಡಗಳಿಗೆ ಟೆಂಪೊದಲ್ಲಿ ಇಟ್ಟಿಗೆ ಸಾಗಿಸುತ್ತಿದ್ದ ಅಂಬಣ್ಣನಿಗೆ ಏನು ಇಷ್ಟವೆಂದು ಯಾರೂ ಕೇಳಬೇಕಿರಲಿಲ್ಲ. ನಿನ್ನೆ ಕುಡಿದೇ ಗಾಡಿ ಓಡಿಸಿ, ನಿಂತ ಲಾರಿಗೆ ಗುದ್ದಿ ಸತ್ತಿದ್ದ.

"ಹಾಕಬ್ಯಾಡ," ಎಂದಳು ತಿಪ್ಪವ್ವ.

"ಆಸಿ ಉಳಿತದ, ವೈನಿ. ಅಣ್ಣಗ ಇದರ ಮ್ಯಾಲೆ ಭಾಳ ಜೀವ ಇತ್ತು," ಎಂದ ಮೈದುನ.

"ನಡುವ ಏಳು ತಿಂಗಳು ಮುಟ್ಟಿರಲಿಲ್ಲ. ನಿಮಗ್ಯಾರಿಗೂ ನೆನಪಿಲ್ಲೇನು?"

ನೆನಪಿರಲಿಲ್ಲ. ಕುಡಿದ ಇಪ್ಪತ್ತು ವರ್ಷ ಎಲ್ಲರಿಗೂ ಗೊತ್ತು, ಬಿಟ್ಟ ಏಳು ತಿಂಗಳು ಅವಳೊಬ್ಬಳಿಗೆ. ಕುಡುಕನೆಂಬ ಹೆಸರಿನ ಜೊತೆ ಅವನನ್ನು ಮಣ್ಣು ಮಾಡಲು ಅವಳು ಬಿಡುವವಳಲ್ಲ.

*

ಹೋದ ವರ್ಷ ಅಂಬಣ್ಣ ಮೂರನೆಯ ಸಲ ಪೊಲೀಸರಿಗೆ ಸಿಕ್ಕಿಬಿದ್ದಾಗ ಅವನನ್ನು ಜೈಲಿಗೆ ಹಾಕಲಿಲ್ಲ. ಕುಡಿದು ಗಾಡಿ ಓಡಿಸುವವರಿಗೆಂದೇ ಪ್ರಯೋಗಕ್ಕೆ ತೆರೆದಿದ್ದ ಇನ್ನೊಂದು ಕೋರ್ಟಿಗೆ ಕಳಿಸಿದರು. ಅಲ್ಲಿ ಔಷಧವಿತ್ತು, ತಿಳಿಹೇಳಲು ಸೋನಾಲಿ ಮೇಡಂ ಇದ್ದರು. ಪ್ರತಿ ಮಂಗಳವಾರ ಯಂತ್ರಕ್ಕೆ ಊದಿ, ವಾರ ಹೇಗೆ ಕಳೆಯಿತೆಂದು ಜಡ್ಜರೆದುರು ಹೇಳಬೇಕು. ನೂರು ದಿನ ತುಂಬಿದಾಗ ಅಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರಂತೆ. ಮದುವೆಯಲ್ಲೂ ತನ್ನನ್ನು ಯಾರೂ ಹಾಗೆ ನೋಡಿರಲಿಲ್ಲವೆಂದು ಅಂಬಣ್ಣ ನಾಚಿಕೊಂಡು ಹೇಳಿದ್ದ.

ಏಳನೆಯ ತಿಂಗಳು ಆ ಕೋರ್ಟಿನ ಬಾಗಿಲಿಗೆ ಬೀಗ ಬಿತ್ತು. ಅನುದಾನ ಮುಗಿದಿದೆಯೆಂದು ಮರಾಠಿಯಲ್ಲಿ ಚೀಟಿ ಅಂಟಿಸಿದ್ದರು. ಓದು ಬಾರದ ಅಂಬಣ್ಣ, ಮೇಡಂಗೆ ತಡವಾಗಿರಬೇಕೆಂದು ಅದರ ಕೆಳಗೇ ಸಂಜೆಯವರೆಗೆ ಕೂತ. ಹೀಗೆ ಐದು ಮಂಗಳವಾರ. ಐದನೆಯ ವಾರ ಜವಾನನೊಬ್ಬ ಓದಿ ಹೇಳಿದ. ಅವತ್ತು ಕುಡಿದು ಮನೆಗೆ ಬಂದ. ಮತ್ತೆ ಸಿಕ್ಕಿಬಿದ್ದಾಗ ಹಳೆಯ ಕೋರ್ಟು ದಂಡ ಕಟ್ಟಿಸಿಕೊಂಡು ಬಿಟ್ಟುಕಳಿಸಿತು. ಓಣಿಗೊಂದು ಬಾರು ತೆರೆಯಲು ಅಪ್ಪಣೆ ಕೊಡುವ ಸರ್ಕಾರಕ್ಕೆ ಒಂದು ಕೋಣೆ, ಒಂದು ಯಂತ್ರ, ಒಬ್ಬರು ಮೇಡಂ ಭಾರವಾದರು.

*

ಸೋನಾಲಿ ಮೇಡಂ ಮಣ್ಣಿಗೆ ಬಂದಿದ್ದರು. ಕೋರ್ಟು ಮುಚ್ಚಬೇಡಿರೆಂದು ಮೇಲಿನವರಿಗೆ ಮೂರು ಸಲ ಬರೆದೆ, ಉತ್ತರವೇ ಬರಲಿಲ್ಲವೆಂದು ಮರಾಠಿಯಲ್ಲಿ ಹೇಳಿ ಕೈಮುಗಿದರು. ಅವರಿಗೆ ಬರೆದಿರಿ, ಬಾಗಿಲಲ್ಲಿ ಕೂತವನಿಗೆ ಒಂದು ಮಾತು ಹೇಳಲಿಲ್ಲವೇಕೆಂದು ತಿಪ್ಪವ್ವ ಮರಾಠಿಯಲ್ಲೇ ಕೇಳಿದಳು.

ಮರೆಪ್ಪ ಮುಖ ಸಿಂಡರಿಸಿಕೊಂಡು ಬಾಟಲಿಯ ಸಮೇತ ಸ್ಮಶಾನದ ಗೋಡೆಯ ಹಿಂದೆ ಹೋದ. ಅಂಬಣ್ಣನ ಬಾಯಿಗೆ ತಿಪ್ಪವ್ವ ಬರೀ ನೀರು ಬಿಟ್ಟಳು. ಕುಣಿ ಮುಚ್ಚಿದ ಮೇಲೆ, ಬಂದವರೆಲ್ಲ ಮನೆಗೆ ಹೊರಡಲು ಮರೆಪ್ಪನ ಟೆಂಪೊ ಹತ್ತಿದರು. ಬಾಯಿ ಒರೆಸಿಕೊಳ್ಳುತ್ತ ಬಂದು ಅವನು ಸ್ಟಿಯರಿಂಗ್ ಮುಂದೆ ಕೂತ. ವಾಸನೆ ಎಲ್ಲರ ಮೂಗಿಗೂ ಬಡಿಯಿತು. ಆದರೂ ಎಲ್ಲರೂ ಕೂತೇ ಇದ್ದರು.

ತಿಪ್ಪವ್ವ ಹತ್ತಲಿಲ್ಲ. ಗಾಡಿಯ ಮುಂದೆ ಹೋಗಿ, ಮಣ್ಣು ಮೆತ್ತಿದ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ನಿಂತಳು.

"ಸರೀರಿ, ವೈನಿ," ಎಂದ ಮರೆಪ್ಪ. ಇಂಜಿನ್ ಗುರುಗುಟ್ಟಿತು. ಹಾರ್ನ್ ಹೊಡೆದ, ಮತ್ತೊಮ್ಮೆ ಉದ್ದಕ್ಕೆ ಹೊಡೆದ.

ಅವಳು ಕದಲಲಿಲ್ಲ. ಹಿಂದೆ ಕೂತಿದ್ದ ಹೆಂಗಸರು ಸೀರೆ ಎತ್ತಿ ಕಟ್ಟಿ, ಒಬ್ಬೊಬ್ಬರಾಗಿ ಕೆಳಗಿಳಿಯತೊಡಗಿದರು.