ಆಚೆ ದಡದ ಬಲೆ

ನಮ್ಮವರು ಆ ಬಲೆಯನ್ನು ಹಿಡಿದು ದಡಕ್ಕೆ ತಂದು ಹಾಕಿದಾಗಿನಿಂದ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ನೋಡಿದ ಕೂಡಲೇ ಗುರುತು ಸಿಕ್ಕಿತ್ತು. ಅದು ತೇಲಲೆಂದು ಅಂಚಿಗೆ ಕಟ್ಟಿದ್ದ ನೀಲಿ ರಬ್ಬರಿನ ತುಂಡುಗಳು, ಈದ್ ಹಬ್ಬಕ್ಕೆ ಹೋದಾಗ ನಾನು ತಂಗಿಯ ಮನೆಯಲ್ಲಿ ಬಿಟ್ಟುಬಂದ ಚಪ್ಪಲಿಯವು. ಬಲೆ ಅವಳ ಮಗ ಅಸೀಬುವಿನದು.

ಚಿಯುಟಾ ಸರೋವರದ ಆಚೆ ದಡ ಮೊಜಾಂಬಿಕ್, ನಾನು ಹುಟ್ಟಿದ್ದು ಅಲ್ಲಿ. ಈಚೆ ದಡ ಮಲಾವಿ, ನನ್ನ ಹೆಂಡತಿ ಅಟುಪೆಲೆಯ ಊರು. ನಮ್ಮ ಜನರಲ್ಲಿ ಗಂಡನೇ ಹೆಂಡತಿಯ ಊರಿಗೆ ಹೋಗಿ ಇರುವುದು. ತಲೆ ನರೆತರೂ ಅವನು ಹೊರಗಿನವನೇ. ಆದರೂ ಸರೋವರ ಕಾಯುವ ಸಮಿತಿಗೆ ನನ್ನನ್ನು ಸೇರಿಸಿಕೊಂಡಿದ್ದರು. ಮರಿಮೀನನ್ನೂ ಬಿಡದೆ ಬಾಚುವ ಸಣ್ಣಕಣ್ಣಿನ ಎಳೆಬಲೆ ಯಾರದೇ ಆಗಿರಲಿ, ಹಿಡಿದ ಕಡೆಯೇ ಸುಡಬೇಕು ಎಂದು ಹಿಂದಿನ ಬೇಸಿಗೆಯಲ್ಲಿ ಎರಡೂ ದಡದವರು ಒಪ್ಪಿದ್ದರು. ಆ ಮಾತು ಕುದುರಿಸಲು ದೋಣಿಯಲ್ಲಿ ಓಡಾಡಿ ಅಂಗೈ ಬೊಬ್ಬೆ ಎದ್ದದ್ದು ನನ್ನದೇ. ಅದರ ಫಲವಾಗಿ ಈ ವರ್ಷ ಅಂಗೈ ಅಗಲದ ಚಾಂಬೊ ಮೀನು ಮತ್ತೆ ಸಿಗತೊಡಗಿತ್ತು.

ಬಲೆ ಹಾಳಾಗಿ ಹೋಗಲಿ. ನನ್ನ ಚಿಂತೆ ಬೇರೆಯೇ ಇತ್ತು. ನಮ್ಮವರ ದೋಣಿ ಕಂಡೊಡನೆ ಬಲೆ ಎಳೆಯುತ್ತಿದ್ದವರೆಲ್ಲ ನೀರಿಗೆ ಹಾರಿದ್ದರಂತೆ. ಅಸೀಬು ಬಲಗೈ ಮುರಿದುಕೊಂಡವನು, ಅದು ನೆಟ್ಟಗೆ ಕೂಡಿರಲಿಲ್ಲ. ಅವನು ಈಜಲಾರ.

"ಎಲ್ರೂ ದಡ ಸೇರಿದ್ರಾ?" ಎಂದು ಸಮಿತಿಯ ಮುಖ್ಯಸ್ಥ ಲಿಪೆಂಗಾನನ್ನು ಕೇಳಿದೆ.

"ಜೊಂಡಿನೊಳಗೆ ನುಗ್ಗಿದ್ರಪ್ಪ. ಎಣಿಸ್ಕೊಂಡು ಕೂರೋಕೆ ನಾನೇನು ಅವರಮ್ಮನಾ? ಯಾಕೆ, ನಿನ್ನ ನೆಂಟ್ರಾ?"

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ, ನಾಚಿಕೆಗೆಟ್ಟವನು.

ನೀರಿನವರೆಗೆ ಹೋದೆ, ವಾಪಸ್ ಬಂದೆ. ಮತ್ತೆ ಹೋದೆ. ಹೆಂಡತಿ ಊಟಕ್ಕೆ ಕರೆದಳು, ತಟ್ಟೆ ಹಾಗೇ ಬಿಟ್ಟು ಎದ್ದೆ.

"ಏನ್ರೀ, ಕಾಲಿಗೆ ಇರುವೆ ಹತ್ತಿದ್ಯಾ?" ಎಂದಳು.

ದೋಣಿ ಇಳಿಸಬೇಕಾದರೆ ಲಿಪೆಂಗಾನಿಗೆ ಕಾರಣ ಹೇಳಬೇಕು. ಕಾರಣ ಹೇಳಿದರೆ ನನ್ನ ಕಥೆ ಮುಗಿಯಿತು. ತಂಗಿಯ ಮಕ್ಕಳಿಗೆ ನಮ್ಮಲ್ಲಿ ಅಪ್ಪನಿಗಿಂತ ಸೋದರಮಾವನೇ ದೊಡ್ಡವನು, ಅವರ ತಪ್ಪೆಲ್ಲ ಅವನ ತಲೆಗೆ. ನಿನ್ನ ದಡಕ್ಕೆ ನೀನು ಹೋಗು ಎಂದು ಹೆಂಡತಿಯ ಕಡೆಯವರು ಹೇಳಿದರೆ ನಾನು ಗಂಟುಮೂಟೆ ಕಟ್ಟಬೇಕಾದೀತು.

ಲಿಪೆಂಗಾ ಸೀಮೆಎಣ್ಣೆ ತಂದು ಬಲೆಯ ಮೇಲೆ ಸುರಿದ. ನನ್ನಿಂದ ತಡೆಯಲಾಗಲಿಲ್ಲ.

"ನಿಲ್ಸು! ಅದು ನನ್ನ ಬಲೆ."

"ನಿಂದಾ? ಊರಿಗೆಲ್ಲ ಬುದ್ಧಿ ಹೇಳ್ಕೊಂಡು ತಿರುಗಿದೋನು ನೀನೇನಾ?"

"ನನ್ನ ಅಸೀಬುದು. ಅಂದ್ಮೇಲೆ ನಂದೇ. ಆಮೇಲೆ ಬೇಕಾದಷ್ಟು ಬೈ, ಮೊದ್ಲು ದೋಣಿ ಕೊಡು. ಅವನಿಗೆ ಈಜೋಕಾಗಲ್ಲ!"

ಯಾರೂ ಮಿಸುಕಲಿಲ್ಲ. ಅಟುಪೆಲೆ ಉಟ್ಟ ಬಟ್ಟೆ ಎತ್ತಿಕಟ್ಟಿ ದೋಣಿಗೆ ಹೆಗಲು ಕೊಟ್ಟಳು. "ಬಾಯಿ ಬಿಟ್ಕೊಂಡು ಏನ್ ನೋಡ್ತೀರ್ರೋ, ತಳ್ರಿ!"

ಅಸೀಬು ಜೊಂಡಿನೊಳಗೆ ಕುತ್ತಿಗೆಯವರೆಗಿನ ನೀರಿನಲ್ಲಿ, ಎಡಗೈಯಿಂದ ಜೊಂಡಿನ ಕಂತೆ ತಬ್ಬಿಕೊಂಡು ನಿಂತಿದ್ದ. ಜೊತೆಯವರು ಬಿಟ್ಟು ಓಡಿದ್ದರು. ಎಳೆದು ದೋಣಿಗೆ ಹಾಕಿಕೊಂಡು ನಾನು ಮಗುವಿನ ಹಾಗೆ ಅತ್ತೆ.

ದಡಕ್ಕೆ ಬಂದವನು ಚಳಿಗೆ ನಡುಗುತ್ತಲೇ ಬಲೆ ನೋಡಿದ.

"ಮಾವ, ಸುಡಬೇಡಿ ಅಂತ ಹೇಳು. ಈ ಕೈಲಿ ಒಬ್ನೇ ಬಲೆ ಬೀಸೋಕಾಗುತ್ತಾ? ನಾಲ್ಕು ಜನ ಸೇರಿ ಎಳೆಯೋದ್ರಲ್ಲಾದ್ರೆ ನನಗೂ ಒಂದು ಪಾಲು ಸಿಗುತ್ತೆ."

ಆ ಡೊಂಕು ಕೈ ನೋಡಿ ಲಿಪೆಂಗಾನೇ ಮೆತ್ತಗಾದ. "ಈ ಸಲಕ್ಕೆ ಬಿಟ್ಬಿಡೋಣ್ವಾ? ನೀನೇ ಹೇಳಪ್ಪ."

ಎಲ್ಲರ ಕಣ್ಣು ನನ್ನ ಮೇಲೆ. ಹೂಂ ಅಂದಿದ್ದರೆ ಸಾಕಿತ್ತು. ಆದರೆ ನಾಳೆ ಆಚೆ ದಡದಲ್ಲಿ ಇವರ ಸೋದರಳಿಯನದೊಂದು ಬಲೆ ಸಿಕ್ಕರೆ? ಆಮೇಲೆ ಯಾರ ಬಲೆಯನ್ನು ಯಾರು ಸುಡುತ್ತಾರೆ? ನನಗೆ ಅಸೀಬುವಿನ ಮೇಲೆ, ಲಿಪೆಂಗಾನ ಮೇಲೆ, ಆ ನೀರಿನ ಮೇಲೆ ಕೆಂಡದಂಥ ಸಿಟ್ಟು ಬಂತು. ಬೆಂಕಿಪೊಟ್ಟಣಕ್ಕೆ ಕೈ ಚಾಚಿದೆ.

"ಅಮ್ಮಂಗೆ ಏನು ಹೇಳ್ಲಿ?" ಎಂದ ಅಸೀಬು.

"ಅವಳಣ್ಣನೇ ಸುಟ್ಟ ಅಂತ ಹೇಳು."

ಮೊದಲ ಕಡ್ಡಿ ಹೊತ್ತಲಿಲ್ಲ. ಇನ್ನೊಂದು ಗೀರಿದೆ. ಅವನು ನನ್ನನ್ನು ಮಾವ ಎಂದು ಕರೆದದ್ದು ಅವತ್ತೇ ಕೊನೆ.